ಖಾಲಿ ಇದ್ದೂ ಜಾಗವಿಲ್ಲದ ಡಿಸ್ಕುಗಳು

ರಾಮನಗರದಲ್ಲಿ ರೂಮು ಮಾಡಿಕೊಂಡು, ಸುತ್ತಲಿನ ತಾಲ್ಲೂಕುಗಳ ಲಿನಕ್ಸ್ ಕಂಪ್ಯೂಟರುಗಳನ್ನು ರಿಪೇರಿ ಮಾಡುತ್ತಾ ಎಂಟು ವರ್ಷ ಬಸ್ಸಿನಲ್ಲಿ ಅಲೆದವನು ನಾನು. ವಾರಕ್ಕೊಂದಾದರೂ ನಗುವಂಥದ್ದು ನಡೆಯುತ್ತಿತ್ತು. ಕಷ್ಟವೆಂದರೆ, ಈ ಸುತ್ತಮುತ್ತ ಲಿನಕ್ಸ್ ಗೊತ್ತಿದ್ದವನು ನಾನೊಬ್ಬನೇ. ಹಾಗಾಗಿ ನಗುವುದೂ ಒಬ್ಬನೇ, ಅದೂ ಬಸ್ಸಿನ ಕಿಟಕಿ ಕಡೆ ಮುಖ ಮಾಡಿ. ಪಕ್ಕದ ಸೀಟಿನವರು ದೂರ ಸರಿಯಬಾರದಲ್ಲ!

ಬಣ್ಣದ ಚೌಕಗಳು

ಬಿಡದಿಯ ಕಾರ್ಖಾನೆಯೊಂದರಲ್ಲಿ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದ್ದೆ. ಮರುವಾರ ಹೋದರೆ ಸ್ಟೋರ್ಸ್ ಗುಮಾಸ್ತರು ಮುಖ ಊದಿಸಿಕೊಂಡಿದ್ದರು.

"ಶನಿವಾರ ಮಧ್ಯಾಹ್ನ ಡಿಫ್ರಾಗ್ ಹಾಕ್ತಿದ್ದೆ. ಚೂರುಚೂರಾಗಿದ್ದ ಫೈಲೆಲ್ಲ ಒಂದ್ಕಡೆ ಸೇರೋವು, ಬಣ್ಣದ ಚೌಕ ಓಡಾಡೋವು. ಈಗ ಅದೆಲ್ಲಿ?"

"ಇದಕ್ಕೆ ಅದು ಬೇಕಿಲ್ಲ ಸಾರ್. ಫೈಲು ಬೆಳೆಯಲಿ ಅಂತ ಪಕ್ಕದಲ್ಲಿ ಮೊದಲೇ ಜಾಗ ಬಿಟ್ಟಿರುತ್ತೆ. ಚೂರಾಗೋದೇ ಕಮ್ಮಿ."

"ಅದು ಕಂಪ್ಯೂಟರ್ ಮಾತಾಯ್ತು. ಆ ಚೌಕ ಓಡಾಡೋವರ್ಗೂ ಯಾರೂ ನನ್ನ ಎಬ್ಬಿಸ್ತಿರಲಿಲ್ಲ ಕಣ್ರೀ. ನನಗೇನು ಹಾಕ್ಕೊಡ್ತೀರಿ?"

ಪಾಲುದಾರ

ರಾಮನಗರದಲ್ಲೇ ರೇಷ್ಮೆ ನೂಲು ತೆಗೆಸುವ ಸಾಹೇಬರೊಬ್ಬರಿದ್ದರು. ಡಿಸ್ಕು ತುಂಬಿದೆ ಅಂತ ಕರೆಸಿದರು. ತುಂಬಿತ್ತು ನಿಜ, ಆದರೆ ಕೊನೆಯ ಒಂದಿಷ್ಟು ಜಾಗವನ್ನು ಲಿನಕ್ಸ್ ತುರ್ತಿಗೆಂದು 'ರೂಟ್' ಹೆಸರಲ್ಲಿ ತೆಗೆದಿಟ್ಟಿರುತ್ತದೆ. ಅದನ್ನು ಹೇಳಿದೆ.

"ಯಾರ್ರೀ ಅವನು ರೂಟು?"

"ಕಂಪ್ಯೂಟರಿನ ಯಜಮಾನ ಇದ್ದಹಾಗೆ, ಸಾಹೇಬ್ರೆ."

"ಯಜಮಾನ ನಾನಿಲ್ಲಿ ಕೂತಿದೀನಲ್ಲ! ಅವನ ಪಾಸ್‌ವರ್ಡ್ ಯಾರತ್ರ ಐತೆ?"

"ನನ್ನ ಹತ್ರ."

ಅಂದಿನಿಂದ ಬಂದವರಿಗೆಲ್ಲ ನನ್ನನ್ನು "ಇವ್ರು ನಮ್ಮ ಡಿಸ್ಕಲ್ಲಿ ಪಾಲುದಾರರು" ಎಂದೇ ಪರಿಚಯಿಸಿ ಟೀ ತರಿಸುತ್ತಿದ್ದರು. ನಾನೂ ಇಲ್ಲವೆನ್ನಲಿಲ್ಲ. ಆ ಊರಲ್ಲಿ ನನ್ನದು ಅಂತ ಇದ್ದ ಜಾಗ ಅದೊಂದೇ.

ಎಲೆ ಮುಗಿದ ಛತ್ರ

ಚನ್ನಪಟ್ಟಣದ ಗೊಂಬೆ ವ್ಯಾಪಾರದ ಮೇಡಮ್ಮು ಒಂದೊಂದು ಗೊಂಬೆಗೂ ಹತ್ತಾರು ಪುಟಾಣಿ ಫೋಟೋ ಸೇರಿಸಿಟ್ಟಿದ್ದರು. ಡಿಸ್ಕು ಅರ್ಧ ಖಾಲಿ, ಆದರೂ 'ಜಾಗ ಇಲ್ಲ' ಅನ್ನುತ್ತಿತ್ತು.

"ಪ್ರತಿ ಫೈಲಿಗೂ ಒಂದು ನಂಬರ್ ಚೀಟಿ ಬೇಕು. ಜಾಗ ಇದೆ, ಚೀಟಿ ಖಾಲಿ," ಅಂದೆ.

"ಅಂದ್ರೆ ಛತ್ರ ಖಾಲಿ ಐತೆ, ಎಲೆ ಮುಗಿದೋಗವೆ."

ನನ್ನ ಮಾತು ಒಬ್ಬರಿಗಾದರೂ ಅರ್ಥವಾಯಿತಲ್ಲ! ಖುಷಿಗೆ ಡಿಸ್ಕಿನ ಹುಟ್ಟಿನಿಂದ ಹಿಡಿದು ಅರ್ಧ ಗಂಟೆ ವಿವರಿಸಿದೆ. ಅವರು ತಲೆ ಆಡಿಸುತ್ತಾ ಪೂರ್ತಿ ಕೇಳಿ, "ಸರಿ ಸಾರ್, ಎಲೆ ಯಾವಾಗ ತರುಸ್ತೀರಿ?" ಅಂದರು.

ಕಳೆದುಹೋದ ಕರು

ಸಾತನೂರು ಕಡೆಯ ಒಂದು ಹಾಲಿನ ಡೈರಿ. ಕರೆಂಟು ಹೋಗಿ ಬಂದು ಡಿಸ್ಕು ಕೆಟ್ಟು, ಸದಸ್ಯರ ಪಟ್ಟಿಯೇ ಕಾಣೆಯಾಗಿತ್ತು. "ಪಟ್ಟಿ ಹೋದ್ರೆ ಊರೋರು ನನ್ನ ಸುಮ್ಕೆ ಬುಟ್ಟಾರಾ?" ಎಂದು ಕಾರ್ಯದರ್ಶಿ ಬೆವರುತ್ತಿದ್ದರು. ನಾನು ಡಿಸ್ಕನ್ನು ಪರೀಕ್ಷೆಗೆ ಹಾಕಿ ಪರದೆ ನೋಡುತ್ತಾ ಕೂತೆ. ಬೆಂಚಿನ ಮೇಲೆ ಹಾಲಿನ ಕ್ಯಾನು ಹಿಡಿದ ಜನ ನನ್ನನ್ನು ನೋಡುತ್ತಾ ಕೂತರು.

ಒಂದು ಗಂಟೆಯ ಮೇಲೆ, "ಸಿಕ್ತು!" ಅಂದೆ. "ಕಳೆದದ್ದೆಲ್ಲ ಒಂದು ಫೋಲ್ಡರಿಗೆ ಬಂದು ಬಿದ್ದಿದೆ. ಫೈಲಿನ ಹೆಸರು ಹೋಗಿ ನಂಬರ್ ಮಾತ್ರ ಉಳಿದಿದೆ, ಅಷ್ಟೆ."

ಬೆಂಚಿನಿಂದ ಒಬ್ಬ ಅಜ್ಜಿ ಎದ್ದು ಬಂದರು. "ಹಂಗಾದ್ರೆ ನಮ್ಮ ಕರಾನೂ ಒಸಿ ನೋಡಪ್ಪ. ಮೂರ್ ದಿನ ಆಯ್ತು ಕಾಣ್ದೆ. ಕಿವೀಲಿ ಇನ್ಸೂರೆನ್ಸ್ ಓಲೆ ಐತೆ, ಅದ್ರಲ್ಲಿ ನಂಬರೈತೆ."

ಡಿಸ್ಕಿನಲ್ಲಿ ಕಳೆದದ್ದು ಮಾತ್ರ ಇಲ್ಲಿ ಸಿಗುತ್ತದೆಂದು ನಾನು ಗಂಭೀರವಾಗಿ ತಿಳಿಸಿ ಹೇಳತೊಡಗಿದೆ. ಬೆಂಚೆಲ್ಲ ಗೊಳ್ಳೆಂದಿತು.

"ಕರ ಕೊಟ್ಟಿಗೇಲೇ ಐತೆ ಕಣಪ್ಪ," ಅಂದರು ಅಜ್ಜಿ. "ಬಂದಾಗಿಂದ ಮೊಕ ಬಿಗ್ಕೊಂಡೇ ಕುಂತಿದ್ದೆ ನೀನು. ಒಸಿ ನಗ್ಲಿ ಅಂತ ಅಂದೆ."

ಅಂದು ಮೊದಲ ಸಲ ನನ್ನ ಜೊತೆ ಹತ್ತು ಜನ ನಕ್ಕರು. ಪಟ್ಟಿಯನ್ನು ಸರಿಮಾಡಿ ಕೊಟ್ಟಮೇಲೆ ಅಜ್ಜಿ ಬಿಡದೆ ಮನೆಗೆ ಕರೆದೊಯ್ದು ಮುದ್ದೆ ಇಕ್ಕಿದರು.

"ಯಾರತ್ತೆ ಇವ್ರು?" ಸೊಸೆ ಪಿಸುಮಾತಲ್ಲಿ ಕೇಳಿದರು.

"ಯಾರ್ದೋ ಗೊತ್ತಿಲ್ಲ ಕಣವ್ವ. ಡೈರಿ ತಾವ ಒಂಟಿಯಾಗಿ ನಿಂತಿತ್ತು. ಕಿವಿ ನೋಡ್ದೆ, ಓಲೆ ಇರ್ನಿಲ್ಲ. ಹೊಡ್ಕೊಂಡ್ ಬಂದ್ಬುಟ್ಟೆ."