ಡಬ್ಬಿ ಮೀನಿನ ಪಚಡಿ ಮತ್ತು ಪರದೆಯ ಹಿಂದಿನ ಚಿತ್ರ ವೀಕ್ಷಣೆ

ಜಾವಕ ಕ್ರಮಾಂಕ: ಮೀನು/ಪಚಡಿ/ಪರದೆ/೭
ಮುಕ್ಕಾಂ: ರೋಣ
ದಿನಾಂಕ: ೨೪ ಮಾರ್ಚ್ ೧೯೫೮

ಸುತ್ತೋಲೆ

ವಿಷಯ: ಡಬ್ಬಿ ಮೀನು ಹಾಕಿ ಏಷ್ಯಾ ಮಾದರಿಯ ಸುಲಭ ಪಚಡಿಯನ್ನು ಮಾಡುವ, ಬಡಿಸುವ ಹಾಗೂ ತಿಂದಿಲ್ಲವೆಂದು ಹೇಳುವ ಕ್ರಮದ ಬಗ್ಗೆ.

ಉಲ್ಲೇಖ: (ಅ) ಮೇಲಿನ ಕಚೇರಿಯ ಪತ್ರ, ಜೊತೆಗೆ ನೂರಾ ಇಪ್ಪತ್ತು ಡಬ್ಬಿ. (ಆ) ನರಗುಂದ ಕೇಂದ್ರದ ವರದಿ: 'ಯಾರೂ ತಿನ್ನಲಿಲ್ಲ.' (ಇ) ಗಜೇಂದ್ರಗಡ ಕೇಂದ್ರದ ವರದಿ: 'ಇಲ್ಲಿಯೂ ಅದೇ', ಜೊತೆಗೆ ತಲೆಗೆ ಸುತ್ತುವ, ಎಣ್ಣೆಯಾದ ಒಂದು ಪಟಗಾ. (ಈ) ಗಾಳೆವ್ವನವರ ಹೇಳಿಕೆ, ಹೆಬ್ಬೆಟ್ಟು ಸಹಿತ.

ಜನರ ಮೈಗೆ ಪುಷ್ಟಿ ಬರಲೆಂಬ ಸದುದ್ದೇಶದಿಂದ ಮೇಲಿನ ಕಚೇರಿಯು ಡಬ್ಬಿ ಮೀನು ಕಳಿಸಿದ್ದು, ಅದರ ಪಚಡಿಯನ್ನು ಮೂರು ಊರುಗಳಲ್ಲಿ ಮಾಡಿ ತೋರಿಸಲು ಹೊಳೆಮಣ್ಣೂರಿನ ಗಾಳೆವ್ವ ಎಂಬವರನ್ನು ಹಂಗಾಮಿ ಅಡುಗೆ ಶಿಕ್ಷಕಿಯೆಂದು ನೇಮಿಸಲಾಗಿತ್ತು. ಹೊಳೆಯ ದಂಡೆಯಲ್ಲಿ ಬೆಳೆದ ಇವರನ್ನು ಬಿಟ್ಟರೆ, ಮೀನನ್ನು ಕಂಡು ಹಿಂದೆ ಸರಿಯದ ಅರ್ಜಿದಾರರು ಇಲಾಖೆಗೆ ಸಿಕ್ಕಿರಲಿಲ್ಲ. ಒಂದೇ ಒಂದು ಊರಿನಲ್ಲಾದರೂ ಮೀನಿನ ಬಟ್ಟಲು ಖಾಲಿಯಾಗಿ, ತಿಂದವರ ಸಹಿ ದೊರೆತರೆ ನೌಕರಿ ಕಾಯಂ. ಇಲ್ಲವಾದರೆ ಮಾರ್ಚ್ ಅಖೇರಿಗೆ ಮನೆಗೆ. ಇದು ಷರತ್ತು. ನರಗುಂದ ಮತ್ತು ಗಜೇಂದ್ರಗಡ ಕೈಕೊಟ್ಟ ಮೇಲೆ ರೋಣವೊಂದೇ ಉಳಿದಿತ್ತು. ಅಲ್ಲಿ ದಿನಾಂಕ ೨೨ರಂದು ನಡೆದದ್ದನ್ನು ಆಧಾರವಾಗಿಟ್ಟುಕೊಂಡು ಸಮಸ್ತ ಸಿಬ್ಬಂದಿಗೆ ಈ ಕೆಳಗಿನಂತೆ ಅಪ್ಪಣೆ ಮಾಡಲಾಗಿದೆ.

೧. 'ಏಷ್ಯಾ ಮಾದರಿ' ಎಂದರೇನೆಂದು ಮೂರೂ ಕೇಂದ್ರಗಳು ಕೇಳಿದ್ದರಿಂದ, ಹೆಡ್ ಕಾರಕೂನ ಪ್ರಭುಲಿಂಗಪ್ಪನವರನ್ನು ಶಾಲೆಗೆ ಕಳಿಸಿ ನಕಾಶೆ ನೋಡಿಸಲಾಯಿತು. ರೋಣವು ಏಷ್ಯಾದಲ್ಲಿಯೇ ಇದೆ. ನರಗುಂದ ಮತ್ತು ಗಜೇಂದ್ರಗಡ ದೂರದಲ್ಲಿ ಇಲ್ಲವಾದ್ದರಿಂದ ಅವೂ ಇರಬೇಕೆಂದು ಭಾವಿಸಲಾಗಿದೆ. ಆದ್ದರಿಂದ ಗಾಳೆವ್ವನವರ ತಾಯಿ ಮಾಡುತ್ತಿದ್ದ ಪಚಡಿಯೇ ಏಷ್ಯಾ ಮಾದರಿಯ ಪಚಡಿ. ಇದನ್ನು ತಿಳಿಸಿದಾಗ ಅವರು, "ಹೌದೇನ್ರಿ? ನಮ್ಮವ್ವಗ ಗೊತ್ತಿದ್ರ ಇನ್ನೊಂದೀಟು ಚಲೋ ಮಾಡ್ತಿದ್ಲು" ಎಂದದ್ದನ್ನು ಕಡತದಲ್ಲಿ ಇಡಲಾಗಿದೆ.

೨. ಒಂದು ಡಬ್ಬಿಗೆ ಎರಡು ಸವತಿಕಾಯಿ, ಒಂದು ಮೂಲಂಗಿ, ಒಂದು ಉಳ್ಳಾಗಡ್ಡಿ ಸಣ್ಣಗೆ ಹೆಚ್ಚಿ, ಒಂದು ಹಿಡಿ ಹಸಿ ಮೆಂತೆಸೊಪ್ಪು ಸೇರಿಸತಕ್ಕದ್ದು. ನಿಂಬೆರಸಕ್ಕೆ ಬೆಲ್ಲದ ಚೂರು ಮತ್ತು ಜಜ್ಜಿದ ಹಸಿಮೆಣಸಿನಕಾಯಿ ಹಾಕಿ, ಬೆಲ್ಲ ಕರಗಿದ ಮೇಲೆ ಸುರಿದು, ಮೇಲೆ ಹುರಿದ ಶೇಂಗಾಪುಡಿ, ಎಳ್ಳು ಉದುರಿಸತಕ್ಕದ್ದು. ಒಲೆ ಹಚ್ಚುವ ಕೆಲಸವಿಲ್ಲ. ಉಪ್ಪು ಕಟ್ಟಕಡೆಗೆ. ಮೊದಲೇ ಹಾಕಿದರೆ ಸವತಿಕಾಯಿ ನೀರು ಬಿಡುತ್ತದೆ, ಮತ್ತು ನೀರು ಬಿಟ್ಟ ಸವತಿಕಾಯಿಯ ಮೇಲೆ ಶಿಸ್ತಿನ ಕ್ರಮ ಜರುಗಿಸಲು ನಿಯಮಗಳಲ್ಲಿ ಅವಕಾಶವಿಲ್ಲ.

೩. ಪ್ರತಿ ಡಬ್ಬಿಯ ಮೈಗೆ ಅಂಟಿಸಿದ ಪುಟ್ಟ ಕೀಲಿಕೈಯು ಡಬ್ಬಿಯನ್ನೇ ತೆರೆಯಲು ಇರುವಂಥದ್ದು. ಕಚೇರಿಯ ಸಕಲ ಕೀಲಿಕೈಗಳೂ ಒಂದೇ ಕಡೆ ಇರತಕ್ಕದ್ದೆಂಬ ಹಳೆಯ ನಿಯಮದಂತೆ ನೂರಾ ಇಪ್ಪತ್ತನ್ನೂ ಕಿತ್ತು, ನಂಬರು ಹಚ್ಚಿ, ರೋಣದ ಕಚೇರಿಯ ಗೂಟಕ್ಕೆ ಹಾಕಿದ್ದು ನಿಯಮದ ಪ್ರಕಾರ ಸರಿ. ಡಬ್ಬಿಯ ಪ್ರಕಾರ ತಪ್ಪು. ಇನ್ನು ಮುಂದೆ ಡಬ್ಬಿ ಹೋದಲ್ಲಿಗೆ ಅದರ ಕೀಲಿಕೈಯೂ ಹೋಗತಕ್ಕದ್ದು.

೪. ಕೀಲಿಕೈ ಇಲ್ಲದೆ ಗಜೇಂದ್ರಗಡದಲ್ಲಿ ತಗಡಿನ ಕೆಲಸದ ಜಂಗ್ಲಿಸಾಬನವರು ಉಳಿ ಹಚ್ಚಿ ಸುತ್ತಿಗೆಯಿಂದ ಒಂದೇ ಏಟಿಗೆ ಡಬ್ಬಿ ತೆರೆದರು. ಎಣ್ಣೆ ಸಿಡಿದು ಮುಂದಿನ ಸಾಲಿನ ಕಳಕಪ್ಪನವರ ತಲೆಗೆ ಬಿತ್ತು. "ನಾ ಎಲ್ಲಿ ತಿಂದೇನ್ರಿ? ನನ್ನ ಪಟಗಾ ತಿಂತು!" ಎಂದು ಅವರು ಎದ್ದು ಹೋದರು, ಅವರ ಹಿಂದೆ ಊರೂ ಹೋಯಿತು. ಡಬ್ಬಿ ತೆರೆಯುವಾಗ ಪಟಗಾ ಸುತ್ತಿದವರು ಹನ್ನೆರಡು ಮೊಳ, ಟೊಪ್ಪಿಗೆಯವರು ಎಂಟು ಮೊಳ ದೂರ ನಿಲ್ಲತಕ್ಕದ್ದು. ಬರಿದಲೆಯವರು ತಮ್ಮ ಜವಾಬ್ದಾರಿಯ ಮೇಲೆ ಎಲ್ಲಿ ಬೇಕಾದರೂ ನಿಲ್ಲಬಹುದು.

೫. ಅದೇ ರೀತಿ ಉಳಿ ಹಚ್ಚಿ ತೆರೆದ ಮೀನನ್ನು ನರಗುಂದದಲ್ಲಿ ಪಚಡಿಯೊಳಗೇ ಕಲಸಿ ತೋರಿಸಲಾಗಿತ್ತು. ಅಲ್ಲಿನ ನೀಲವ್ವನವರು ಬಟ್ಟಲಲ್ಲಿ ಇಣುಕಿ, "ಇದಕ್ಕ ಕಣ್ಣಿಲ್ಲ, ಬಾಲಿಲ್ಲ. ಇದು ಮೀನ ಅಂತ ಹೇಳಿದಾವ ಯಾಂವ? ಮದಲ ಅವನ್ನ ಕರೀರಿ" ಎಂದರು. ಹೇಳಿದವರು ಮೇಲಿನ ಕಚೇರಿಯಲ್ಲಿ ಇರುವುದರಿಂದ ಕರೆಯಲಾಗಲಿಲ್ಲ. ಇನ್ನು ಮುಂದೆ ಪಚಡಿ ಒಂದು ಬಟ್ಟಲಲ್ಲಿ, ಮೀನು ಇನ್ನೊಂದರಲ್ಲಿ. ಸೌಟು ಎರಡು. ಅವು ಒಂದನ್ನೊಂದು ಮುಟ್ಟತಕ್ಕದ್ದಲ್ಲ.

೬. ರೋಣದ ಮೊದಲು ಗಾಳೆವ್ವನವರನ್ನು ಕರೆದು, ಉಳಿದದ್ದು ಒಂದೇ ಊರೆಂದು ತಿಳಿಸಲಾಯಿತು. ಅವರ ಹೇಳಿಕೆ: "ಮಂದಿ ಮೀನ ತಿನ್ನಾಕ ಒಲ್ಲೆ ಅನ್ನಂಗಿಲ್ರಿ ಸಾಹೇಬ್ರ. ಎಲ್ಲಾರೂ ನೋಡೂಮುಂದ ತಿನ್ನಾಕ ಒಲ್ಲೆ ಅಂತಾರ. ನಡುವ ಒಂದು ಪರದೆ ಕಟ್ಟಿಸ್ರಿ. ಮುಂದಿಂದು ನನಗ ಬಿಡ್ರಿ." ಪರದೆಗೆ ಪ್ರತ್ಯೇಕ ಮಂಜೂರಾತಿ ಇಲ್ಲದ್ದರಿಂದ ಸಾಹೇಬರ ಮೇಜಿನ ಹಾಸನ್ನು ಕಟ್ಟಲಾಯಿತು. ಈಚೆಗೆ ಪಚಡಿ ಮತ್ತು ಜೋಳದ ರೊಟ್ಟಿ, ಆಚೆಗೆ ಮೀನು.

೭. ಪರದೆಯ ಆಚೆಗೆ ಹೋಗುವವರು ಮೀನು ತಿನ್ನಲು ಹೋಗುತ್ತಿದ್ದಾರೆಂದು ಯಾರೂ ತಿಳಿಯತಕ್ಕದ್ದಲ್ಲ. ಅವರು ಡಬ್ಬಿಯ ಮೇಲೆ ಅಚ್ಚು ಹಾಕಿದ ಹಡಗಿನ ಚಿತ್ರವನ್ನು ನೋಡಲು ಹೋಗುತ್ತಿದ್ದಾರೆ. ಚಿತ್ರ ನೋಡಲು ಹೋಗುವಾಗ ತಟ್ಟೆ ಒಯ್ಯಲು ಅಡ್ಡಿಯಿಲ್ಲ.

೮. ಹೀಗೆ ದಿನಾಂಕ ೨೨ರಂದು ಅರವತ್ತೊಂದು ಜನರು ಚಿತ್ರ ನೋಡಿದ್ದಾರೆ. ಹದಿನಾಲ್ಕು ಜನರು ಮರಳಿ ಹೋಗಿ ನೋಡಿದ್ದಾರೆ. ಚಿತ್ರದ ಬಣ್ಣ ಖಾತರಿ ಮಾಡಿಕೊಳ್ಳಲು ಹೆಡ್ ಕಾರಕೂನರು ಮೂರು ಸಲ ಹೋಗಿದ್ದಾರೆ. ಹೊರಗೆ ಬಂದವರೆಲ್ಲ, "ಹಡಗ ಭಾಳ ಚಲೋ ಐತಿ, ನೀನೂ ನೋಡ್ಕೊಂಡು ಬಾ" ಎಂದು ಸಾಲಿನಲ್ಲಿದ್ದವರಿಗೆ ಹೇಳಿದ್ದಾರೆ. ಒಂಬತ್ತು ಡಬ್ಬಿಗಳ ಮೀನು, ಅದರ ಎಣ್ಣೆ ಸಹಿತ, ಖಾಲಿ. ನೋಡಿದವರ ಮೀಸೆಯಲ್ಲಿ ಹೊಳಪು ಕಂಡುಬಂದಲ್ಲಿ ಅದನ್ನು ಕುಸುಬಿ ಎಣ್ಣೆಯೆಂದೇ ಪರಿಗಣಿಸತಕ್ಕದ್ದು. ಹೊರಬರುವ ಮುನ್ನ ನಿಂಬೆ ಸಿಪ್ಪೆಯಿಂದ ಬೆರಳು ತಿಕ್ಕಿಕೊಳ್ಳುವುದು ಕಡ್ಡಾಯ.

೯. ಆದರೆ ಬಟ್ಟಲು ಖಾಲಿಯಾದರೂ ತಿಂದವರ ಸಹಿ ಬೇಕೆಂಬ ಷರತ್ತು ಉಳಿಯಿತು. ಕಾಗದ ಹಿಡಿದು ಮನೆಮನೆಗೆ ಹೋಗಿ ಕೇಳಲಾಗಿ, ಅರವತ್ತೊಂದು ಜನರೂ ಹಡಗನ್ನಷ್ಟೇ ನೋಡಿದ್ದಾಗಿ ತಿಳಿಸಿದರು. ಹೆಸರು ಹೇಳದಿದ್ದರೆ ನೌಕರಿ ಹೋಗುವುದೆಂದು ಗಾಳೆವ್ವನವರಿಗೆ ಸ್ಪಷ್ಟಪಡಿಸಲಾಯಿತು. ಅವರ ಉತ್ತರ: "ಹೋದ್ರ ಹೋಗಲಿರಿ. ಪರದೆ ಕಟ್ಟಿಸಿದಾಕಿ ನಾನು. ನಾನ ಅದನ್ನ ಹರದ್ರ ಹ್ಯಾಂಗ್ರಿ?"

೧೦. ಸದರಿ ಉತ್ತರವನ್ನು ಪರಿಶೀಲಿಸಲಾಯಿತು. ಎರಡು ಸಲ ಪರಿಶೀಲಿಸಲಾಯಿತು. ಖಾಲಿ ಬಟ್ಟಲಿಗೆ ತಿಂದವರೊಬ್ಬರು ಇರಲೇಬೇಕಾದ್ದರಿಂದ, ದಿನಾಂಕ ೨೨ರಂದು ರೋಣದಲ್ಲಿ ಒಂಬತ್ತು ಡಬ್ಬಿ ಮೀನನ್ನೂ ಈ ಕೆಳಗೆ ಸಹಿ ಮಾಡಿದವರೊಬ್ಬರೇ, ಯಾರ ನೆರವೂ ಇಲ್ಲದೆ ತಿಂದಿರುತ್ತಾರೆಂದು ಈ ಮೂಲಕ ಘೋಷಿಸಲಾಗಿದೆ. ಅದರಂತೆ ಗಾಳೆವ್ವನವರ ನೌಕರಿಯನ್ನು ಕಾಯಂ ಮಾಡಲಾಗಿದೆ. ಮೇಜಿನ ಹಾಸನ್ನು ಮೇಜಿಗೆ ಮರಳಿಸತಕ್ಕದ್ದಲ್ಲ. ಅದು ಅವರ ವಶದಲ್ಲಿರತಕ್ಕದ್ದು.

ಸಹಿ/-
(ಈಶಪ್ಪ)
ಅಧಿಕಾರಿ, ಹಾಗೂ ತಿಂದವರು

ಪ್ರತಿಗಳು:
೧. ಮೇಲಿನ ಕಚೇರಿಗೆ, ಉಳಿದ ಡಬ್ಬಿಗಳು ಸಾಲುವುದಿಲ್ಲವಾದ್ದರಿಂದ ಇನ್ನಷ್ಟು ಕಳಿಸಬೇಕೆಂಬ ಕೋರಿಕೆಯೊಂದಿಗೆ.
೨. ನರಗುಂದ ಮತ್ತು ಗಜೇಂದ್ರಗಡ ಕೇಂದ್ರಗಳಿಗೆ, ಕೀಲಿಕೈಗಳ ಸಹಿತ.
೩. ಕಳಕಪ್ಪನವರಿಗೆ, ಒಗೆದ ಪಟಗಾದೊಂದಿಗೆ.
೪. ಹೆಡ್ ಕಾರಕೂನರಿಗೆ. ಚಿತ್ರದ ಬಣ್ಣ ಖಾತರಿಯಾಗಿದೆ. ನಾಲ್ಕನೆಯ ಸಲ ಬೇಕಾಗಿಲ್ಲ.
೫. ಸಹಿ ಮಾಡಿದವರ ಧರ್ಮಪತ್ನಿ ಬಾಳವ್ವನವರಿಗೆ: ಯಾವ ಕಾರಣಕ್ಕೂ ಕಳಿಸತಕ್ಕದ್ದಲ್ಲ.
೬. ಗಾಳೆವ್ವನವರಿಗೆ: ಓದಿ ಹೇಳಲಾಯಿತು. ಪೂರ್ತಿ ಕೇಳಿ, "ಒಂಬತ್ತ ಡಬ್ಬಿ ಒಬ್ಬರ? ಲಗೂನ ಸಾಹೇಬ್ರಿಗೆ ಅರಗಾಕ ಒಂದೀಟು ಅಜವಾನದ ನೀರ ಕುಡಸ್ರಿ" ಎಂದರು. ಕುಡಿಸಲಾಗಿದೆ.