ಜೋಗುಪಾಳ್ಯದ ಫೋಲ್ಡರ್ ಬೀಗಗಳು

ಊರವರ ಫೋಲ್ಡರಿಗೆಲ್ಲ ಬೀಗ ಹಾಕಿಕೊಡುವ ಓಡಾಟದಲ್ಲಿ ನನ್ನ ಮನೆ ಬಾಗಿಲಿಗೆ ಚಿಲಕ ಹಾಕಲೂ ಪುರುಸೊತ್ತಿರಲಿಲ್ಲ. ಹೇಳಿಕೇಳಿ ಜೋಗುಪಾಳ್ಯದ ನಮ್ಮ ಬೀದಿಗೆ ಮೊದಲ ಕಂಪ್ಯೂಟರ್ ತಂದವನು ನಾನು. ಹಲಸೂರು ಕೆರೆಯಿಂದ ಇಂದಿರಾನಗರದವರೆಗೆ ಪಾಸ್‌ವರ್ಡ್ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇದ್ದರೂ ನನಗೆ ಸಿಕ್ಕಿಲ್ಲ.

೧. ನನ್ನದೇ ಗುಟ್ಟು

ಪತ್ರಿಕೆಗಳಿಂದ ಮರಳಿ ಬಂದ ನನ್ನ ಹನ್ನೆರಡು ಕಥೆಗಳನ್ನು ಒಂದು ಫೋಲ್ಡರಿನಲ್ಲಿಟ್ಟು ಪಾಸ್‌ವರ್ಡ್ ಹಾಕಿದೆ. ಮರೆಯಬಾರದೆಂದು ಚೀಟಿಯಲ್ಲಿ ಬರೆದು ದೇವರ ಪಟದ ಹಿಂದೆ ಸಿಕ್ಕಿಸಿದೆ. ಶುಕ್ರವಾರ ಪಟ ಒರೆಸುವಾಗ ಚೀಟಿ ಹೆಂಡತಿಯ ಕೈಗೆ ಬಿತ್ತು. ಸಂಜೆಯೊಳಗೆ ಹನ್ನೆರಡನ್ನೂ ಓದಿ ಮುಗಿಸಿ, ಕಾಫಿ ಕೊಡುತ್ತಾ ಮೆಲ್ಲಗೆ ಅಂದಳು: "ಇದಕ್ಯಾಕ್ರೀ ಬೀಗ? ಬೀದೀಲಿಟ್ರೂ ಯಾರೂ ಮುಟ್ಟಲ್ಲ."

೨. ಕಾರ್ಖಾನೆ ಶಿಸ್ತು

ನಮ್ಮ ಕಾರ್ಖಾನೆಯಲ್ಲಿ ಯಾವ ಕೋಣೆಗೆ ಬೀಗ ಹಾಕಿದರೂ ಕೀಲಿಯನ್ನು ಗೇಟಿನ ಹಲಗೆಗೆ ನೇತುಹಾಕಿಯೇ ಮನೆಗೆ ಹೋಗಬೇಕು. ಲೇತ್ ವಿಭಾಗದ ನನ್ನ ಗೆಳೆಯ, ಮಕ್ಕಳ ಕೈಗೆ ಸಿಗದಿರಲೆಂದು ತನ್ನ ಫೋಲ್ಡರಿಗೆ ನನ್ನಿಂದ ಬೀಗ ಹಾಕಿಸಿಕೊಂಡ. ಮರುವಾರ ಹೋಗಿ ನೋಡಿದರೆ, ಬಾಗಿಲ ಪಕ್ಕದ ಮೊಳೆಯಲ್ಲಿ ಬೀರು ಕೀಲಿ, ಟೆರೇಸ್ ಕೀಲಿ, ಜೊತೆಗೊಂದು ರಟ್ಟು: "ಕಂಪ್ಯೂಟರ್". ಕೆಳಗೆ ದಪ್ಪಕ್ಷರದಲ್ಲಿ ಪಾಸ್‌ವರ್ಡ್!

"ಏನ್ ಗುರು ಇದು?"

"ಮತ್ತಿನ್ನೇನು? ಕೀಲಿ ಜೇಬಲ್ಲಿಟ್ಕೊಂಡು ಹೋಗಿ ಮೆಮೋ ತಗೊಳ್ಲಾ?"

೩. ಮಹಡಿ ಮನೆ ಅಕ್ಕ

ನಮ್ಮ ಮಹಡಿ ಮನೆಯ ಅಕ್ಕ, ಯಜಮಾನರ ಅರವತ್ತರ ಶಾಂತಿಗೆಂದು ಅವರ ಹಳೇ ಫೋಟೋಗಳನ್ನು ಗುಟ್ಟಾಗಿ ಕಂಪ್ಯೂಟರಿಗೆ ಹಾಕಿಸಿ, ಫೋಲ್ಡರಿಗೆ ತಾವೇ ಬೀಗ ಹಾಕಿದ್ದರು. ಶಾಂತಿ ನಾಳೆ. ಆರು ಗಂಟೆಯೊಳಗೆ ಸಿ.ಡಿ. ಕಮರ್ಷಿಯಲ್ ಸ್ಟ್ರೀಟಿನ ಸ್ಟುಡಿಯೋ ತಲುಪದಿದ್ದರೆ ಆಲ್ಬಂ ಇಲ್ಲ. ಅಷ್ಟರಲ್ಲಿ ಮೆಹೆಂದಿಯವಳು ಬಂದು ಅಕ್ಕನ ಎರಡೂ ಕೈ ತುಂಬಿಸಿ ಹೋಗಿದ್ದಳು. ನನಗೆ ಕರೆ ಬಂತು.

"ಪಾಸ್‌ವರ್ಡ್ ಹೇಳಿ ಅಕ್ಕಾ, ಒಂದೇ ನಿಮಿಷ!"

ಅಕ್ಕ ಕೆಂಪಾದರು. "ಹೇಳಕ್ಕಾಗಲ್ಲ. ಅದು... ನಮ್ಮನೆಯವರದ್ದು."

ಗಂಡನ ಹೆಸರು! ಮೂವತ್ತೈದು ವರ್ಷದಲ್ಲಿ ಒಮ್ಮೆಯೂ ಬಾಯಲ್ಲಿ ಬರದ ಹೆಸರು. ನನಗೇನು ಗೊತ್ತಿಲ್ಲವೇ? ಗತ್ತಿನಿಂದ ಟೈಪ್ ಮಾಡಿದೆ. ತೆರೆಯಲಿಲ್ಲ. ಮತ್ತೆ ಮಾಡಿದೆ. ಊಹೂಂ. ಗಡಿಯಾರ ಐದೂಕಾಲು.

"ಬರೀ ಹೆಸರು ಹಾಕಿದ್ರಾ?" ಅಕ್ಕ ಗಾಬರಿಯಾದರು. "ಅಯ್ಯೋ, ಬರೀ ಹೆಸರು ನಾನು ಹ್ಯಾಗೆ ಬರೀಲಿ? ಮುಂದೆ 'ಶ್ರೀ', ಹಿಂದೆ 'ಅವರು'!"

ಹಾಗೆ ಹಾಕಿದೆ. ತೆರೆಯಿತು. ಮದುವೆ ಪೇಟದಲ್ಲಿ ಯಜಮಾನರು, ಮಗಳನ್ನು ಹೆಗಲ ಮೇಲೆ ಹೊತ್ತ ಯಜಮಾನರು, ಮುಖಕ್ಕೆ ಪೇಪರ್ ಮುಚ್ಚಿ ನಿದ್ದೆ ಹೊಡೆಯುತ್ತಿರುವ ಯಜಮಾನರು. ತಿರುಗಿ ನೋಡಿದರೆ, ಬಾಗಿಲಲ್ಲಿ ಬಾಳೆಎಲೆ ಕಟ್ಟು ಹಿಡಿದು ನಿಂತ ಅಸಲಿ ಯಜಮಾನರು!

ಅಕ್ಕನ ಕಣ್ಣು ತುಂಬಿಬಂತು. "ಎಲ್ಲಾ ನೋಡ್ಬಿಟ್ರಾ?"

ಯಜಮಾನರು ಎಲೆ ಕೆಳಗಿಟ್ಟು ಸ್ಕೂಟರ್ ಕೀಲಿ ತೆಗೆದುಕೊಂಡರು. "ಸಿ.ಡಿ. ಮಾಡಿಕೊಡಿ ಸ್ವಾಮಿ, ನಾನೇ ಕೊಟ್ಟು ಬರ್ತೀನಿ. ನೀನು ಅಳಬೇಡ ಕಣೇ, ನಾಳೆ ಎಲ್ರೆದುರು ಹೊಸದಾಗಿ ಬೆರಗಾಗ್ತೀನಿ."

ಮಾತು ಉಳಿಸಿಕೊಂಡರು. ಆಲ್ಬಂ ಕಂಡು ಅವರು ಬೆರಗಾದ ರಭಸಕ್ಕೆ ಪುರೋಹಿತರು ಮಂತ್ರ ನಿಲ್ಲಿಸಿ ನೀರು ತರಿಸಿದರು.