ಸಮಾನ ಶತ್ರು ಬೇಕಾಗಿದ್ದಾರೆ

ನನ್ನ ಹೊಟ್ಟೆಪಾಡು ಒಗ್ಗಟ್ಟು. ಕಚೇರಿಗಳಲ್ಲಿ ಒಬ್ಬರ ಮುಖ ಒಬ್ಬರು ನೋಡದ ಗುಮಾಸ್ತರನ್ನು ಒಂದು ಕೋಣೆಗೆ ತುಂಬಿ, ‘ಗುಂಪಾಗಿ ಬಾಳುವ ಬಗೆ’ ಎಂದು ಪಾಠ ಹೇಳುತ್ತೇನೆ. ಅವರು ಆಕಳಿಸುತ್ತಾರೆ. ಆದರೆ ಎಲ್ಲರೂ ಒಟ್ಟಿಗೇ ಆಕಳಿಸುತ್ತಾರೆ. ಅಷ್ಟರ ಮಟ್ಟಿಗೆ ನಾನು ಯಶಸ್ವಿ. ಆಕಳಿಸದೆ ಬಾಯಿ ತೆರೆದು ಕೇಳುವವನು ಒಬ್ಬನೇ, ನಮ್ಮ ಕೆಳಗಿನ ಮನೆಯ ಗುಮಾಸ್ತ. ಅವನ ಮನೆಯಲ್ಲೂ ಅತ್ತೆ ಸೊಸೆ ಇದ್ದಾರೆ, ಪಾಪ.

ನನ್ನ ಮನೆಯಲ್ಲೂ ಇದ್ದಾರೆ. ಅಮ್ಮ ಮತ್ತು ನನ್ನವಳು ಉಪ್ಪಿನಿಂದ ಹಿಡಿದು ಪರದೆಯ ಬಣ್ಣದವರೆಗೆ ಯಾವುದರಲ್ಲೂ ಒಮ್ಮತಕ್ಕೆ ಬಂದವರಲ್ಲ. ಸದ್ಯದ ರಣರಂಗ ಹಾಲಿನ ಕಿಟಕಿ. (ಹಾಲು ಎಂದರೆ ಇಲ್ಲಿ ನಡುಮನೆ; ಉಕ್ಕುವ ಹಾಲಲ್ಲ. ಉಕ್ಕುವುದು ಇವರಿಬ್ಬರು.) ನನ್ನವಳು ಅಂಗಡಿಗೆ ಶಾಲೆ ಮಕ್ಕಳ ಸಮವಸ್ತ್ರ ಹೊಲಿದುಕೊಡುತ್ತಾಳೆ. ಅವಳ ಹೊಲಿಗೆ ಮಿಷನ್ನಿಗೆ ಬೆಳಕು ಬೇಕು. ಅಮ್ಮನ ಮಂಚಕ್ಕೆ ಗಾಳಿ ಬೇಕು.

"ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿ ಪೋಣಿಸಿ ಕಣ್ಣು ಹೋಗ್ತಿದೆ. ನಿಮ್ಮಮ್ಮನಿಗೆ ಹೇಳ್ರೀ."

"ಗಾಳಿ ಇಲ್ದೆ ನನಗೆ ಉಸಿರೇ ಆಡಲ್ಲ. ನಿನ್ನ ಹೆಂಡ್ತಿಗೆ ಹೇಳೋ."

ಇಬ್ಬರೂ ಅಕ್ಕಪಕ್ಕದಲ್ಲೇ ಕೂತು ಹೀಗೆ ನನ್ನ ಮೂಲಕ ಮಾತಾಡುತ್ತಿದ್ದರು. ಈ ಕದನದ ನಡುವೆ ಕಿಟಕಿಯ ಪಕ್ಕದಲ್ಲಿ ಇದ್ದದ್ದು ನನ್ನ ಬೆತ್ತದ ಕುರ್ಚಿ. ಅದರ ತೋಳು ಕಾಫಿ ಲೋಟ ಇಡುವಷ್ಟು ಅಗಲ. ಅದರ ಮಧ್ಯದ ತಗ್ಗು ಅನೇಕ ವರ್ಷಗಳ ಸತತ ಸಾಧನೆಯಿಂದ ನಾನೇ ನಿರ್ಮಿಸಿದ್ದು. ನೆಲ ಗೀಚದಿರಲಿ ಎಂದು ಕಾಲುಗಳಿಗೆ ರಬ್ಬರ್ ಬೂಟು ತೊಡಿಸಿದವನೂ ನಾನೇ. ಜಗತ್ತಿನಲ್ಲಿ ನನಗೆ ನನ್ನದು ಎನಿಸುವ ಜಾಗ ಅದೊಂದೇ.

ನೆಮ್ಮದಿಯಾಗಿ ಅಲ್ಲಿ ಕೂರಬೇಕಾದರೆ ಇವರಿಬ್ಬರು ಒಂದಾಗಬೇಕು. ಮನುಷ್ಯರ ಗುಂಪು ಒಂದಾಗುವುದು ಹೇಗೆ? ನಾನು ವಾರಕ್ಕೊಮ್ಮೆ ಬೋರ್ಡಿನ ಮೇಲೆ ಬರೆಯುವ ಉತ್ತರ: ಸಮಾನ ಶತ್ರು. ಹೊರಗಿನ ಒಬ್ಬನನ್ನು ತೋರಿಸಿದರೆ ಒಳಗಿನವರು ತಾವಾಗಿಯೇ ಕೈ ಹಿಡಿದುಕೊಳ್ಳುತ್ತಾರೆ. ಆದರೆ ಶತ್ರುವನ್ನು ಎಲ್ಲಿಂದ ತರುವುದು ಎಂದು ತಲೆ ಕೆರೆದುಕೊಳ್ಳುತ್ತಿರುವಾಗಲೇ ನೆತ್ತಿಯ ಮೇಲೆ ಸದ್ದಾಯಿತು.

ಕರ್ರ್ರ್!

ಮೇಲಿನ ಮನೆಯಲ್ಲಿ ಯಾರೋ ಏನನ್ನೋ ಎಳೆದಿದ್ದರು. ಅಲ್ಲಿರುವುದು ನಿವೃತ್ತ ನರ್ಸಮ್ಮ ಒಬ್ಬರೇ. ದಿನಾ ಎಳೆಯುತ್ತಿದ್ದರು; ನಾವು ದಿನಾ ಸುಮ್ಮನಿರುತ್ತಿದ್ದೆವು. ನಾನು ಎದ್ದು ನಿಂತೆ.

"ಇನ್ನು ಸಹಿಸೋದು ಬೇಡ! ಮೇಲಿನವರಿಗೆ ನಾವು ಯಾರು ಅಂತ ತೋರಿಸ್ಬೇಕು!"

"ಮೇಲಿನವನು ಎಲ್ಲಾ ನೋಡ್ತಾ ಇರ್ತಾನೆ ಬಿಡೋ," ಎಂದಳು ಅಮ್ಮ, ಸೂರಿಗೆ ಕೈ ಮುಗಿದು.

"ಮೇಲಿನವನಲ್ಲಮ್ಮ, ಮೇಲಿನವರು! ನರ್ಸಮ್ಮ! ನಿನ್ನ ನಿದ್ದೆ ಕೆಡಿಸ್ತಿರೋದು ಯಾರು? ಇವಳ ಹೊಲಿಗೆ ಸೊಟ್ಟ ಆಗ್ತಿರೋದು ಯಾರಿಂದ?"

"ನನ್ನ ಹೊಲಿಗೆ ಸೊಟ್ಟ ಅಂತ ಯಾರ್ರೀ ಹೇಳಿದ್ದು?" ಎಂದು ನನ್ನವಳು ಕತ್ತರಿ ಕೆಳಗಿಟ್ಟಳು.

ಹದಿನೈದು ದಿನ ಬಿಡದೆ ಇಬ್ಬರ ಕಿವಿಯಲ್ಲೂ ಊದಿದೆ. ಕರ್ರ್ ಎಂದಾಗಲೆಲ್ಲ ಎದೆ ಹಿಡಿದುಕೊಂಡೆ. ಕೊನೆಗೆ ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ತಲೆ ಎತ್ತಿ ಸೂರನ್ನು ದುರುಗುಟ್ಟಿ ನೋಡಿದರು. ಒಟ್ಟಿಗೆ! ವಿಜ್ಞಾನಿಯೊಬ್ಬನಿಗೆ ಪ್ರಯೋಗಾಲಯದಲ್ಲಿ ಸಿಗುವ ಸಂತೋಷ ಅದು. ತಕ್ಷಣ ಇಬ್ಬರದೇ ಒಂದು ನಿಯೋಗ ರಚಿಸಿ ಮೇಲಕ್ಕೆ ಕಳಿಸಿದೆ. (ನಾನು ಹೋಗಲಿಲ್ಲ. ನಾಯಕರು ಯಾವಾಗಲೂ ಕೆಳಗಿನಿಂದಲೇ ಹುರಿದುಂಬಿಸುವುದು.)

ಕುರ್ಚಿಯಲ್ಲಿ ಒರಗಿ ಯುದ್ಧಘೋಷಕ್ಕೆ ಕಾದೆ. ಮೊದಲು ಮೌನ. ಆಮೇಲೆ ಲೋಟಗಳ ಸದ್ದು. ಆಮೇಲೆ ನಗು, ಅದೂ ಅಮ್ಮನ ನಗು! ನನಗೆ ಸಣ್ಣಗೆ ಭಯ ಶುರುವಾಯಿತು.

ಕಾಫಿ ಆರಿ ತಣ್ಣಗಾದ ಮೇಲೆ ಇಬ್ಬರೂ ಇಳಿದು ಬಂದರು. ಅಮ್ಮ ಸೊಸೆಯ ತೋಳು ಹಿಡಿದಿದ್ದಳು.

"ಪಾಪ ಕಣೋ," ಎಂದಳು ಅಮ್ಮ. "ಅವರ ಮನೇಲಿ ಕೂರಕ್ಕೆ ಒಂದು ನೆಟ್ಟಗಿನ ಕುರ್ಚಿ ಇಲ್ಲ. ಕಬ್ಬಿಣದ ಸ್ಟೂಲು. ಅದನ್ನೇ ಕಿಟಕಿ ಹತ್ರ ಎಳ್ಕೋತಾರೆ. ನನ್ನ ಮಂಡಿ ಒತ್ತಿ ನೋಡಿ ಒಂದು ವ್ಯಾಯಾಮ ಹೇಳಿಕೊಟ್ರು. ದೇವತೆ!"

"ಜಾಗದ ವಿಷಯಾನೂ ಅವರೇ ಬಗೆಹರಿಸಿದ್ರು," ಎಂದಳು ನನ್ನವಳು. "ಕಿಟಕಿಗೆ ಈ ಕಡೆ ನನ್ನ ಮಿಷನ್ನು, ಆ ಕಡೆ ಅತ್ತೆ ಮಂಚ. ಆರಾಮಾಗಿ ಹಿಡಿಸುತ್ತಂತೆ."

"ಹಿಡಿಸಲ್ಲ," ಎಂದೆ ನಾನು. "ಮಧ್ಯದಲ್ಲಿ ನನ್ನ ಕುರ್ಚಿ ಇದೆ."

ಇಬ್ಬರೂ ಕುರ್ಚಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆಗ ನನಗೆ ಒಂದು ಸತ್ಯ ಹೊಳೆಯಿತು, ತಡವಾಗಿ. ಇಷ್ಟು ವರ್ಷ ಆ ಕುರ್ಚಿ ಅಲ್ಲಿ ಉಳಿದದ್ದು ನನ್ನ ಯಜಮಾನಿಕೆಯಿಂದಲ್ಲ, ಇವರಿಬ್ಬರ ಜಗಳದಿಂದ.

"ನಾನು ಈ ಮನೆ ಯಜಮಾನ! ನನ್ನ ಅಭಿಪ್ರಾಯ ಕೇಳ್ಬೇಕಾಗಿತ್ತು!"

"ಕೇಳೋಣ ಅಂದ್ಕೊಂಡ್ವಿ. ನೀವು ಸಭೆಗೇ ಬರಲಿಲ್ಲವಲ್ಲ," ಎಂದಳು ನನ್ನವಳು.

"ಇಷ್ಟು ದಿನ ಬೆಳಕಿಗೆ ಅಡ್ಡ, ಗಾಳಿಗೆ ಅಡ್ಡ ಕೂತಿದ್ದವನು ಇವನೇ ನೋಡಮ್ಮ," ಎಂದಳು ಅಮ್ಮ.

"ನಾನೂ ಅದನ್ನೇ ಅಂದ್ಕೋತಿದ್ದೆ ಅತ್ತೆ."

ಸಿದ್ಧಾಂತ ಅಕ್ಷರಶಃ ಸಾಬೀತಾಗಿತ್ತು. ಸಮಾನ ಶತ್ರುವಿನ ಹುದ್ದೆ ಖಾಲಿ ಬಿದ್ದಿತ್ತು. ಅರ್ಜಿ ಹಾಕದೆಯೇ ನನ್ನ ನೇಮಕವಾಯಿತು. ಕುರ್ಚಿಯನ್ನು ಮೇಲಕ್ಕೆ ಹೊತ್ತು ಕೊಟ್ಟವನೂ ನಾನೇ. ನರ್ಸಮ್ಮ ಅದರ ತಗ್ಗಿನಲ್ಲಿ ಕೂತು, "ಹೇಳಿ ಮಾಡಿಸಿದ ಹಾಗಿದೆ," ಎಂದರು. ಹೌದು, ಆದರೆ ಅವರಿಗೆ ಹೇಳಿ ಮಾಡಿಸಿದ್ದಲ್ಲ. ಬದಲಿಗೆ ಅವರು ಪ್ರೀತಿಯಿಂದ ಆ ಕಬ್ಬಿಣದ ಸ್ಟೂಲನ್ನು ನನ್ನ ಕೈಗಿಟ್ಟರು.

ಈಗ ಮೇಲಿನ ಮನೆ ನಿಶ್ಶಬ್ದ. ಕಿಟಕಿಯ ಈ ಕಡೆ ಮಿಷನ್ನು, ಆ ಕಡೆ ಮಂಚ. ಅತ್ತೆ ಗುಂಡಿ ಆರಿಸಿ ಕೊಡುತ್ತಾಳೆ, ಸೊಸೆ ಹೊಲಿಯುತ್ತಾಳೆ. ನಾನು ಬಾಗಿಲ ಹತ್ತಿರ ಸ್ಟೂಲಿನ ಮೇಲೆ. ಬೆಳಕು ಬೇಕೆಂದರೆ ಈ ಕಡೆ ಎಳೆದುಕೊಳ್ಳುತ್ತೇನೆ, ಫ್ಯಾನಿನ ಗಾಳಿ ಬೇಕೆಂದರೆ ಆ ಕಡೆ.

ನಿನ್ನೆ ಸಂಜೆ ಹಾಗೆ ಎಳೆದುಕೊಂಡು ಕೂತಿದ್ದೆನಷ್ಟೇ, ಬೆಲ್ ಆಯಿತು. ಬಾಗಿಲಲ್ಲಿ ಕೆಳಗಿನ ಮನೆಯ ಅತ್ತೆ ಸೊಸೆ. ಮೆಟ್ಟಿಲ ಮೇಲೆ ಅವರು ಕಿತ್ತಾಡುವುದನ್ನು ಇಡೀ ಕಟ್ಟಡ ಕೇಳಿದೆ. ನಿನ್ನೆ ಮಾತ್ರ ಕೈ ಕೈ ಹಿಡಿದು ನಿಂತಿದ್ದರು. ಅವರ ಹಿಂದೆ, ಕೆಳಗಿನ ಮೆಟ್ಟಿಲ ತಿರುವಿನಿಂದ, ನನ್ನ ಪಾಠಕ್ಕೆ ಆಕಳಿಸದ ಆ ಗುಮಾಸ್ತ ಕತ್ತು ಚಾಚಿ ಇಣುಕುತ್ತಿದ್ದ. ಅವನ ಮುಖದಲ್ಲಿ ವಿಜ್ಞಾನಿಯ ಸಂತೋಷ.

"ದಿನಾ ಕರ್ರ್ ಅಂತ ಎಳೆಯೋ ಮೇಲಿನವರು ಯಾರು?" ಎಂದು ಕೇಳಿದರು ಇಬ್ಬರೂ.

ನಾನು ಬಾಯಿ ತೆರೆಯುವ ಮೊದಲೇ ಕಿಟಕಿಯ ಕಡೆಯಿಂದ ಉತ್ತರ ಬಂತು.

"ಇವನೇ!" ಎಂದಳು ಅಮ್ಮ.

"ಇವರೇ!" ಎಂದಳು ನನ್ನವಳು, ಅದೇ ಉಸಿರಿನಲ್ಲಿ.